ಸರದಿ ಕಾಯುವವರ ಪಾರ್ಲಿಮೆಂಟು

ಬ್ರಿಟನ್ನಿನಲ್ಲಿ ವಿರೋಧ ಪಕ್ಷದ ನಾಯಕನಿಗೆ ಸರ್ಕಾರಿ ಖಜಾನೆಯಿಂದ ಸಂಬಳ ಬರುತ್ತದೆ. 1937ರಲ್ಲಿ ಕಾನೂನು ಮಾಡಿ ಅದನ್ನು ವರ್ಷಕ್ಕೆ 2,000 ಪೌಂಡ್ ಎಂದು ಗೊತ್ತುಮಾಡಿದರು. 1975ರಿಂದೀಚೆಗೆ ವಿರೋಧ ಪಕ್ಷಗಳ ಕಚೇರಿ, ಸಿಬ್ಬಂದಿ, ಅಧ್ಯಯನದ ಖರ್ಚಿಗೂ ಸಾರ್ವಜನಿಕರ ಹಣ ಸಿಗುತ್ತದೆ. ಆ ಏರ್ಪಾಟು ತಂದ ಸಚಿವ ಎಡ್ವರ್ಡ್ ಶಾರ್ಟ್ ಅವರ ಹೆಸರು ಹಿಡಿದು ಅದನ್ನು ‘ಶಾರ್ಟ್ ಮನಿ’ ಎನ್ನುತ್ತಾರೆ. ಸದನ ನಡೆಯುವಾಗ ಪ್ರತಿ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಈ ನಾಯಕ ಪ್ರಧಾನಿಗೆ ಆರು ಪ್ರಶ್ನೆ ಕೇಳಬಹುದು. ಅಂದರೆ ಸರ್ಕಾರವನ್ನು ಎದುರಿಸುವುದು ಅಲ್ಲಿ ಒಂದು ಉದ್ಯೋಗ. ಜನ ತೆರಿಗೆ ಕಟ್ಟಿ ಅದಕ್ಕೊಬ್ಬ ಆಳನ್ನು ಇಟ್ಟುಕೊಂಡಿದ್ದಾರೆ. ಆಳು ಸಂಬಳ ಎಣಿಸಿಕೊಂಡು ಕೆಲಸ ಮಾಡದೆ ಕೂತಿದ್ದಾನೆ ಎಂಬುದು ಅಲ್ಲಿನ ಜನರ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದು ಎಂಬುದು ನನ್ನ ವಾದ.

‘ಜನರಿಗೆ ರಾಜಕೀಯವೇ ಬೇಸರವಾಗಿದೆ’ ಎಂದು ಹೇಳಿ ಈ ಸಿಟ್ಟನ್ನು ತಳ್ಳಿಹಾಕುವುದು ಸುಲಭ. ಆದರೆ ಜನ ಸುಮ್ಮನೆ ಬೇಸತ್ತವರಲ್ಲ, ಲೆಕ್ಕ ಇಟ್ಟವರು. ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುವ ಒಂದು ಲೆಕ್ಕ ನೋಡಿ: ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕ.

1998ರಲ್ಲಿ ಲೇಬರ್ ಸರ್ಕಾರ ವರ್ಷಕ್ಕೆ 1,000 ಪೌಂಡ್ ಶುಲ್ಕ ತಂದಿತು. ಇನ್ನು ಹೆಚ್ಚುವರಿ ಶುಲ್ಕ ಹೇರುವುದಿಲ್ಲ ಎಂದು 2001ರ ಪ್ರಣಾಳಿಕೆಯಲ್ಲಿ ಬರೆದುಕೊಟ್ಟಿತು. 2004ರಲ್ಲಿ ಅದೇ ಸರ್ಕಾರ 3,000 ಪೌಂಡಿನ ಮಸೂದೆ ತಂದಾಗ ಎರಡನೆಯ ವಾಚನದಲ್ಲಿ ಅದು ಉಳಿದದ್ದು ಬರೀ 5 ಮತಗಳಿಂದ. ಆಗ ವಿರೋಧದಲ್ಲಿದ್ದ ಕನ್ಸರ್ವೇಟಿವರು ಶುಲ್ಕವನ್ನೇ ತೆಗೆದುಹಾಕುತ್ತೇವೆ ಎಂದು 2005ರಲ್ಲಿ ಮಾತು ಕೊಟ್ಟರು. 2010ರಲ್ಲಿ ಲಿಬರಲ್ ಡೆಮಾಕ್ರಟರ ನಾಯಕ ನಿಕ್ ಕ್ಲೆಗ್ ಶುಲ್ಕ ಏರಿಕೆಗೆ ಮತ ಹಾಕುವುದಿಲ್ಲ ಎಂಬ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಅದೇ ವರ್ಷ ಡಿಸೆಂಬರಿನಲ್ಲಿ ಈ ಎರಡೂ ಪಕ್ಷಗಳ ಕೂಡು ಸರ್ಕಾರ ಶುಲ್ಕದ ಮಿತಿಯನ್ನು 9,000 ಪೌಂಡಿಗೆ ಏರಿಸಿತು. ಈಗ ಲೇಬರ್ ಸರದಿ: 2017ರಲ್ಲೂ 2019ರಲ್ಲೂ ಶುಲ್ಕ ರದ್ದು ಎಂದಿತು. 2020ರಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದಾಗ ಕೀರ್ ಸ್ಟಾರ್ಮರ್ ಅದೇ ಮಾತು ಕೊಟ್ಟರು, 2023ರಲ್ಲಿ ಕೈಬಿಟ್ಟರು. 2025ರಲ್ಲಿ ಅವರ ಸರ್ಕಾರದಡಿಯಲ್ಲಿ ಶುಲ್ಕ 9,535 ಪೌಂಡ್ ಆಯಿತು.

ಮೂರು ಪಕ್ಷ, ಒಂದೇ ರಶೀದಿ. ವಿರೋಧದಲ್ಲಿದ್ದಾಗ ಎಲ್ಲರೂ ವಿದ್ಯಾರ್ಥಿಗಳ ಪರ, ಅಧಿಕಾರದಲ್ಲಿದ್ದಾಗ ಎಲ್ಲರೂ ಖಜಾನೆಯ ಪರ. ಲಿಬರಲ್ ಡೆಮಾಕ್ರಟರು 57 ಸ್ಥಾನಗಳಿಂದ 2015ರಲ್ಲಿ 8ಕ್ಕೆ ಇಳಿದು ದಂಡ ತೆತ್ತರು, ನಿಜ. ಆದರೆ ಆ ದಂಡದಿಂದ ಯಾವ ವಿದ್ಯಾರ್ಥಿಯ ಸಾಲವೂ ತೀರಲಿಲ್ಲ.

ಕೊಟ್ಟ ಮಾತು ಮುರಿಯುವುದು ಒಂದು ರೋಗವಾದರೆ, ಎದುರಿಸಲೇಬೇಕಾದ ದಿನ ಬಾಯಿ ಮುಚ್ಚಿಕೊಳ್ಳುವುದು ಇನ್ನೊಂದು. 2003ರ ಫೆಬ್ರವರಿಯಲ್ಲಿ ಇರಾಕ್ ಯುದ್ಧ ಬೇಡವೆಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಾಂತರ ಜನ ನಡೆದರು. ಮಾರ್ಚ್ 18ರಂದು ಸದನ 412–149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಆ ರಾತ್ರಿ ಟೋನಿ ಬ್ಲೇರ್ ವಿರುದ್ಧ ನಿಂತವರು ಅವರದೇ ಪಕ್ಷದ 139 ಸದಸ್ಯರು, ಮತ್ತೆ ಲಿಬರಲ್ ಡೆಮಾಕ್ರಟರು. ಸಂಬಳ ಪಡೆಯುವ ಅಧಿಕೃತ ವಿರೋಧ ಪಕ್ಷ, ಅಂದರೆ ಇಯಾನ್ ಡಂಕನ್ ಸ್ಮಿತ್ ಅವರ ಕನ್ಸರ್ವೇಟಿವ್ ಪಕ್ಷ, ಪ್ರಧಾನಿಯ ಬೆನ್ನಿಗೆ ನಿಂತಿತು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಹೋದಿರಿ ಎಂದು ಚಿಲ್ಕಾಟ್ ಆಯೋಗ 2016ರಲ್ಲಿ ಹೇಳಿತು. ಅದನ್ನು ಹದಿಮೂರು ವರ್ಷ ಮೊದಲೇ ಸದನದಲ್ಲಿ ಹೇಳಬೇಕಾದ ಕೆಲಸ ಯಾರದಾಗಿತ್ತು?

2015ರ ಜುಲೈಯಲ್ಲಿ ಕನ್ಸರ್ವೇಟಿವ್ ಸರ್ಕಾರ ಬಡವರ ಸಹಾಯಧನ ಕತ್ತರಿಸುವ ಮಸೂದೆ ತಂದಿತು. ಮೂರನೆಯ ಮಗುವಿನಿಂದಾಚೆಗೆ ಕುಟುಂಬಗಳಿಗೆ ಸಿಗುವ ನೆರವನ್ನು ನಿಲ್ಲಿಸುವ ನಿಯಮ ಅದರಲ್ಲಿತ್ತು. ದುಡಿಯುವವರ ಪಕ್ಷವೆಂದು ಹೆಸರಿಟ್ಟುಕೊಂಡ ಲೇಬರ್ ಏನು ಮಾಡಿತು? ತಟಸ್ಥವಾಗಿ ಉಳಿಯಲು ತನ್ನ ಸದಸ್ಯರಿಗೆ ಸೂಚಿಸಿತು. ಸೂಚನೆ ಮೀರಿ ವಿರುದ್ಧ ಮತ ಹಾಕಿದವರು 48 ಮಂದಿ. ನಿಯಮ 2017ರ ಏಪ್ರಿಲಿನಿಂದ ಜಾರಿಗೆ ಬಂತು. ಲೇಬರ್ ಅಧಿಕಾರಕ್ಕೆ ಬಂದ 2024ರ ಜುಲೈಯಲ್ಲೇ ಅದನ್ನು ತೆಗೆಯಿರಿ ಎಂದು ಮತ ಹಾಕಿದ ಏಳು ಮಂದಿ ಸ್ವಪಕ್ಷೀಯರನ್ನು ಪಕ್ಷದ ಸಂಸದೀಯ ಗುಂಪಿನಿಂದ ಅಮಾನತು ಮಾಡಿತು. 2025ರ ನವೆಂಬರಿನ ಬಜೆಟ್ಟಿನಲ್ಲಿ ಅದೇ ಸರ್ಕಾರ ಅದೇ ನಿಯಮವನ್ನು ರದ್ದು ಮಾಡುವುದಾಗಿ ಸಾರಿತು. ಹಾಗಾದರೆ ಆ ಏಳು ಮಂದಿಯ ತಪ್ಪೇನು? ಹದಿನಾರು ತಿಂಗಳು ಮುಂಚೆ ಸರಿಯಿದ್ದದ್ದು.

‘ಸಂಖ್ಯೆ ಇಲ್ಲದ ವಿರೋಧ ಪಕ್ಷ ಏನು ಮಾಡಲು ಸಾಧ್ಯ? ಜವಾಬ್ದಾರಿಯಿಂದ ನಡೆದುಕೊಂಡು ಚುನಾವಣೆ ಗೆಲ್ಲುವುದೇ ಜಾಣತನ’ ಎನ್ನುವವರಿದ್ದಾರೆ. ಅವರು ತಮ್ಮದೇ ಪಾರ್ಲಿಮೆಂಟಿನ ಇತಿಹಾಸ ಮರೆತಿದ್ದಾರೆ. 1940ರ ಮೇ ತಿಂಗಳಲ್ಲಿ ನಾರ್ವೆಯ ಸೋಲಿನ ಮೇಲೆ ಚರ್ಚೆ ನಡೆದಾಗ ಮತಕ್ಕೆ ಹಾಕಲೇಬೇಕೆಂದು ಲೇಬರ್ ಪಟ್ಟು ಹಿಡಿಯಿತು. ಸರ್ಕಾರ 281–200ರಿಂದ ಗೆದ್ದಿತು. ಆದರೆ ಆಳುವ ಪಕ್ಷದ ಹಲವರು ಎದುರು ಮತ ಹಾಕಿ, ಇನ್ನೂ ಹಲವರು ದೂರ ಉಳಿದು, ಇನ್ನೂರಕ್ಕೂ ಹೆಚ್ಚಿದ್ದ ಬಹುಮತ 81ಕ್ಕೆ ಕುಸಿದಿತ್ತು. ಎರಡೇ ದಿನದಲ್ಲಿ ಚೇಂಬರ್ಲಿನ್ ಹೋದರು, ಚರ್ಚಿಲ್ ಬಂದರು. 2009ರ ಏಪ್ರಿಲಿನಲ್ಲಿ ಗೂರ್ಖಾ ನಿವೃತ್ತ ಸೈನಿಕರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಕೊಡಿ ಎಂದು ಲಿಬರಲ್ ಡೆಮಾಕ್ರಟರು ತಂದ ನಿರ್ಣಯ 267–246ರಿಂದ ಗೆದ್ದಿತು. ಬಹುಮತವಿದ್ದ ಸರ್ಕಾರವೇ ಮಣಿಯಿತು. ಆಳುವ ಪಕ್ಷದ ಒಳಗಿನ ಅಳುಕನ್ನು ಗುರುತಿಸಿ, ಅದನ್ನು ಬಹಿರಂಗ ಮಾಡಿಸುವ ಕಸುಬಿಗೆ ವಿರೋಧ ಎಂದು ಹೆಸರು. ಅದಕ್ಕೆ ಬೇಕಾದದ್ದು ಹಟ. ಸಂಖ್ಯೆಯ ಕೊರತೆ ಒಂದು ನೆಪ.

ಹಟ ಯಾಕಿಲ್ಲ ಎಂದರೆ, ಹಟದ ಅಗತ್ಯವೇ ಇಲ್ಲ. ಗಾಳಿ ಬಂದಾಗ ತೂರಿಕೊಂಡರೆ ಸಾಕು ಎನ್ನುವಂತಿದೆ ಅಲ್ಲಿನ ಚುನಾವಣಾ ಪದ್ಧತಿ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವನು ಗೆದ್ದ, ಉಳಿದ ಮತಗಳಿಗೆ ಬೆಲೆಯಿಲ್ಲ. 2017ರಲ್ಲಿ ಲೇಬರ್ 1.28 ಕೋಟಿಗೂ ಹೆಚ್ಚು ಮತ ಪಡೆದು ಸೋತಿತು. 2024ರಲ್ಲಿ ಸುಮಾರು 97 ಲಕ್ಷ ಮತ, ಅಂದರೆ ಶೇ. 33.7ರಷ್ಟು ಪಡೆದು 650ರಲ್ಲಿ 411 ಸ್ಥಾನ ಗೆದ್ದಿತು. ಜನರ ಒಲವು ಕಡಿಮೆಯಾಗಿತ್ತು, ಸ್ಥಾನಗಳು ಹೆಚ್ಚಾದವು. ಹದಿನಾಲ್ಕು ವರ್ಷದಲ್ಲಿ ಐವರು ಪ್ರಧಾನಿಗಳನ್ನು ಕಂಡ ಕನ್ಸರ್ವೇಟಿವರು ತಾವಾಗಿ ಉದುರಿದರು. ಲೇಬರ್ ಮರದ ಕೆಳಗೆ ಸೆರಗೊಡ್ಡಿ ನಿಂತಿತ್ತು ಅಷ್ಟೆ. ಅದೇ ಚುನಾವಣೆಯಲ್ಲಿ ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಮತ, 5 ಸ್ಥಾನ. ಲಿಬರಲ್ ಡೆಮಾಕ್ರಟರಿಗೆ 35 ಲಕ್ಷ ಮತ, 72 ಸ್ಥಾನ. ಇದಕ್ಕೆ ನ್ಯಾಯವೆಂದು ಯಾರು ಹೇಳುತ್ತಾರೆ? ಮತ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಲಿ ಎಂದು 2022ರಲ್ಲಿ ಲೇಬರ್ ಸಮ್ಮೇಳನವೇ ನಿರ್ಣಯ ಮಾಡಿತು. ನಾಯಕರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಣಿ ಹತ್ತಲು ಅನುಕೂಲವಾಗಿರುವಾಗ ಅದನ್ನು ಬದಲಿಸುವವರು ಯಾರು?

ಇಬ್ಬರೂ ಕೈಕಟ್ಟಿ ಕೂತ ಜಾಗಕ್ಕೆ ಮೂರನೆಯವನು ಬರುತ್ತಾನೆ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ 677 ಸ್ಥಾನ, 10 ಕೌನ್ಸಿಲುಗಳನ್ನು ಗೆದ್ದಿತು; ರನ್‌ಕಾರ್ನ್ ಉಪಚುನಾವಣೆಯಲ್ಲಿ 6 ಮತಗಳಿಂದ ಲೇಬರ್ ಕೋಟೆ ಕಿತ್ತುಕೊಂಡಿತು. ಜನರ ಸಿಟ್ಟನ್ನು ಅದು ವಲಸಿಗರ ಕಡೆ ತಿರುಗಿಸುತ್ತಿದೆ. ಉಳಿದವರು ಇದನ್ನು ಎದುರಿಸಿದರೇ? ಕಾಯಂ ನೆಲೆಗೆ ಬೇಕಾದ ಐದು ವರ್ಷವನ್ನು ಹತ್ತು ಮಾಡುತ್ತೇವೆ ಎಂದು 2025ರ ಫೆಬ್ರವರಿಯಲ್ಲಿ ಕನ್ಸರ್ವೇಟಿವ್ ನಾಯಕಿ ಕೆಮಿ ಬೇಡನಾಕ್ ಹೇಳಿದರು. ಮೇ ತಿಂಗಳಲ್ಲಿ ಸ್ಟಾರ್ಮರ್ ಸರ್ಕಾರ ಅದೇ ಹತ್ತು ವರ್ಷದ ಪ್ರಸ್ತಾಪ ಮುಂದಿಟ್ಟಿತು. ಆ ಕಾಯಂ ನೆಲೆಯ ಪದ್ಧತಿಯನ್ನೇ ತೆಗೆದುಬಿಡುತ್ತೇವೆ ಎಂದು ಸೆಪ್ಟೆಂಬರಿನಲ್ಲಿ ಫರಾಜ್ ಹರಾಜು ಏರಿಸಿದರು. ಹರಾಜಿನಲ್ಲಿ ಕೂಗಿದ್ದು ಮೂವರೂ ಒಂದೇ ದಿಕ್ಕಿಗೆ.

ಈ ಹರಾಜಿನ ಬೆಲೆ ತೆರುವವರಲ್ಲಿ ನಮ್ಮವರೂ ಇದ್ದಾರೆ. ಬ್ರಿಟನ್ನಿನ ಆಸ್ಪತ್ರೆಗಳ ನರ್ಸುಗಳು, ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರುಗಳು, ಮನೆ ಅಡವಿಟ್ಟು ಎಂ.ಎಸ್ಸಿ. ಓದಲು ಹೋದ ಹುಡುಗ ಹುಡುಗಿಯರು ಅಲ್ಲಿ ಕಂತು ಕಟ್ಟಿಕೊಂಡು ವರ್ಷ ಎಣಿಸುತ್ತಿದ್ದಾರೆ. ಐದು ಹತ್ತಾದರೆ ಅವರ ಬದುಕಿನ ಲೆಕ್ಕವೇ ಬದಲಾಗುತ್ತದೆ. ಆದರೆ ಅವರಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಕಾನೂನುಬದ್ಧವಾಗಿ ಅಲ್ಲಿ ವಾಸಿಸುವ ವಯಸ್ಕ ಭಾರತೀಯರು ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯಲ್ಲೇ ಮತ ಹಾಕಬಹುದು. ಹೆಸರು ನೋಂದಾಯಿಸಿದರೆ ಸಾಕು.

ನಾವು ಇದನ್ನು ದೂರದ ಕಥೆಯೆಂದು ಓದುವಂತಿಲ್ಲ. ನಮ್ಮ ಚುನಾವಣಾ ಪದ್ಧತಿ ಅಲ್ಲಿಂದ ಬಂದದ್ದೇ. 2014ರಲ್ಲಿ ಶೇ. 31ರಷ್ಟು ಮತಕ್ಕೆ ಬಿಜೆಪಿಗೆ 282 ಸ್ಥಾನ ಸಿಕ್ಕಿತು, 2014ರಿಂದ 2024ರವರೆಗೆ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ಕುರ್ಚಿ ಖಾಲಿಯಿದ್ದರೆ ಒಂದು ಕಷ್ಟ. ಬ್ರಿಟನ್ ಕಲಿಸುವ ಪಾಠ ಅದಕ್ಕಿಂತ ಕಹಿ: ಕುರ್ಚಿ ತುಂಬಿದ್ದು, ಸಂಬಳವೂ ಬಂದು, ಬುಧವಾರದ ಆರು ಪ್ರಶ್ನೆಗಳೂ ಮುಗಿದು, ಆದರೂ ವಿರೋಧ ಇಲ್ಲದಿರಬಹುದು.

ಲೆಸ್ಟರಿನಲ್ಲೋ ಸ್ಲೌನಲ್ಲೋ ಓದುತ್ತಿರುವ ಗೆಳೆಯರು ಮುಂದಿನ ಸಲ ಮತ ಕೇಳಲು ಬಾಗಿಲಿಗೆ ಬಂದವರನ್ನು ಪ್ರಣಾಳಿಕೆ ಕೇಳಬೇಡಿ. ಇಷ್ಟು ಕೇಳಿ: ನಿಮ್ಮ ಪಕ್ಷ ತಪ್ಪಿದ ದಿನ ನೀವು ಯಾವ ಮತದಾನದಲ್ಲಿ ಎದುರು ನಿಂತಿರಿ? ಸದನದಲ್ಲಿ ಪ್ರತಿಯೊಬ್ಬರು ಹಾಕಿದ ಮತವೂ ಹ್ಯಾನ್ಸರ್ಡ್ ದಾಖಲೆಯಲ್ಲಿ ಅಚ್ಚಾಗಿರುತ್ತದೆ. ಉತ್ತರ ಕೇಳಿಸಿಕೊಂಡು ಬಾಗಿಲು ಹಾಕಿ, ಆಮೇಲೆ ತೆಗೆದು ನೋಡಿ.