ದಾರಿಯ ಫಲಕ ಮುಂಚಿತವಾಗಿ ಕಾಣಲಿ

ಮೋರಟಗಿಯಿಂದ ಸಿಂದಗಿಗೆ ಹೋಗುವಾಗ ದಾರಿ ತಪ್ಪಿದರೆ ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳಬಹುದು. ಆದರೆ ನಮ್ಮ ಲಾರಿ ಚಾಲಕ ಸರಕು ಹೇರಿಕೊಂಡು ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿದರೆ ಯಾರನ್ನು ಕೇಳಬೇಕು? 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಊರೊಳಗೆ ಹೋಗಬೇಕಾದವನು ಸರಿಯಾದ ತಿರುವಿನಲ್ಲೇ ಹೊರಬೀಳಬೇಕು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ತಿರುವಿನ ಫಲಕ 100 ಮೀಟರ್ ಮುಂಚೆ ಇದ್ದರೆ ಚಾಲಕನಿಗೆ 5 ಸೆಕೆಂಡೂ ಸಿಗುವುದಿಲ್ಲ. 2 ಕಿಲೋಮೀಟರ್ ಮುಂಚೆ ಇದ್ದರೆ ಒಂದೂವರೆ ನಿಮಿಷ ಸಿಗುತ್ತದೆ. ತುಂಬಿದ ಲಾರಿ ಎಡಕ್ಕೆ ಸರಿಯಲು ಅಷ್ಟು ಸಮಯ ಬೇಕು. ಇಲ್ಲವಾದರೆ ಥಟ್ಟನೆ ಬ್ರೇಕು ಹಾಕುತ್ತಾನೆ, ಇಲ್ಲವೆ ಲಾರಿಯನ್ನು ಹಿಂದಕ್ಕೆ ತರುತ್ತಾನೆ. ಹಿಂದಿನಿಂದ ಬರುವವರ ಜೀವ ಹೋಗುತ್ತದೆ. ಕೇಸು ಮಾತ್ರ ಚಾಲಕನ ಮೇಲೆ!

ತಿರುವು ತಪ್ಪಿದ ಗಿರಾಕಿ ಚನ್ನಪಟ್ಟಣದ ಗೊಂಬೆ ಅಂಗಡಿಗೂ ಬರುವುದಿಲ್ಲ, ಮದ್ದೂರಿನ ವಡೆ ಅಂಗಡಿಗೂ ಬರುವುದಿಲ್ಲ. ಸಣ್ಣ ವ್ಯಾಪಾರಿಗೂ ಪೆಟ್ಟು.

ನಾವು ಕೇಳುವುದಿಷ್ಟೆ: ಪ್ರತಿ ತಿರುವಿಗೂ 2 ಕಿಲೋಮೀಟರ್, 1 ಕಿಲೋಮೀಟರ್, 500 ಮೀಟರ್ ಮುಂಚೆ, ರಾತ್ರಿಯೂ ಕಾಣುವ ದೊಡ್ಡ ಕನ್ನಡ ಅಕ್ಷರದ ಫಲಕಗಳಿರಲಿ. ಸುಂಕ ತಪ್ಪದೆ ವಸೂಲು ಮಾಡುವವರು ದಾರಿಯನ್ನೂ ತಪ್ಪದೆ ತೋರಿಸಲಿ. ಇದು ಭಿಕ್ಷೆಯಲ್ಲ, ದುಡಿಯುವವರ ಹಕ್ಕು.