7 ಕಿಲೋ ಚೀಲ ಮತ್ತು ಮಗಳ ಲ್ಯಾಪ್‌ಟಾಪ್

ರಜೆಗೆ ಊರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮೆಲ್ಲರ ರೂಮಿನಲ್ಲೂ ಒಂದೇ ದೃಶ್ಯ. ಕೈಚೀಲಕ್ಕೆ 7 ಕಿಲೋ, ಅಷ್ಟರಲ್ಲೇ ಎಲ್ಲ ಹಿಡಿಯಬೇಕು. ಹಾಗಾಗಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ನಾವು ಮೊದಲು ಮಾಡುವುದು ಅದನ್ನು ಒಂದು ಕೈಯಲ್ಲಿ ಎತ್ತಿ ನೋಡುವುದು. ತೆಳ್ಳಗಿದ್ದರೆ ಖುಷಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕೇಳುವವರು ಕಡಿಮೆ. ಇಲ್ಲಿದ್ದು ಇದ್ದು ಕರೆಂಟು ಹೋಗುವುದೆಂದರೇನೆಂದು ನಮಗೆ ಮರೆತೇಹೋಗಿದೆ.

ಊರಿನಲ್ಲಿ ಹಾಗಲ್ಲ. ಜೂನ್ ತಿಂಗಳ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರುವವರೆಗೆ ಕತ್ತಲೆಯೇ. ನಾವು ಕೊಂಡೊಯ್ದ ಹಗುರ ಲ್ಯಾಪ್‌ಟಾಪ್ ಕಳೆದ ಮಳೆಗಾಲದಲ್ಲಿ ಆರಿಹೋದಾಗ ಮಗಳ ಪ್ರಾಜೆಕ್ಟ್ ವರದಿಗೆ ಎರಡೇ ಪುಟ ಬಾಕಿ. ಅವಳು ಸಿಟ್ಟು ಮಾಡಲಿಲ್ಲ. “ಅಪ್ಪ, ಚೆಂದ ಉಂಟು. ಚಾರ್ಜ್ ಮಾತ್ರ ನಿಲ್ಲುವುದಿಲ್ಲ” ಎಂದಳು.

ದಿನವಿಡೀ ಔಷಧದ ಲೇಬಲ್ ಓದುವ ನಾವು ಇದರ ಬ್ಯಾಟರಿಯ ಲೇಬಲ್ ಓದಿರಲಿಲ್ಲ! ನೋಡಬೇಕಾದದ್ದು ವ್ಯಾಟ್-ಅವರ್. ಓದು ಬರಹಕ್ಕೆ ಗಂಟೆಗೆ 10 ವ್ಯಾಟ್-ಅವರ್ ಬೇಕೆಂದಿಟ್ಟುಕೊಳ್ಳಿ. 45ರ ಬ್ಯಾಟರಿ ನಾಲ್ಕೂವರೆ ಗಂಟೆ, 70ರದ್ದು 7 ಗಂಟೆ ಬರುತ್ತದೆ. ಈ 25ಕ್ಕೆ ಬ್ಯಾಟರಿಯಲ್ಲಿ ಹೆಚ್ಚುವ ತೂಕ ಸುಮಾರು 100ರಿಂದ 150 ಗ್ರಾಂ, ನಾವು ಒಯ್ಯುವ ಬಾದಾಮಿ ಪೊಟ್ಟಣಕ್ಕಿಂತ ಕಡಿಮೆ. ದಪ್ಪವೂ ತುಸು ಹೆಚ್ಚುತ್ತದೆ, ನಿಜ. ಆದರೆ ಕಾಲೇಜು ಮುಗಿಯುವವರೆಗೆ ಬ್ಯಾಟರಿ ಬಂದರೆ ಚಾರ್ಜರನ್ನು ಹಾಸ್ಟೆಲಿನಲ್ಲೇ ಬಿಡಬಹುದು. ಆ ಚಾರ್ಜರೇ ಎಷ್ಟೋ ಸಲ 300 ಗ್ರಾಂ ತೂಗುತ್ತದೆ.

ಹಾಗೆಂದು ದಪ್ಪವೆಲ್ಲ ಬ್ಯಾಟರಿಯಲ್ಲ. ಎರಡೂವರೆ ಕಿಲೋದ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಫ್ಯಾನು, ಗ್ರಾಫಿಕ್ಸ್ ಚಿಪ್ಪುಗಳದೇ ಭಾರ; ಕರೆಂಟು ಕುಡಿಯುವುದೂ ಅವೇ. ಆಫರ್ ಇದೆಯೆಂದು ಅದನ್ನು ಹೊತ್ತೊಯ್ಯಬೇಡಿ.

ಪವರ್ ಬ್ಯಾಂಕ್ ಕೊಟ್ಟರಾಯಿತು ಎನ್ನುವವರಿದ್ದಾರೆ. ಅದೂ ಭಾರವೇ, ಕೈಚೀಲದಲ್ಲೇ ಬರಬೇಕು. ಎಮಿರೇಟ್ಸ್ ವಿಮಾನದಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ, ಅದೂ 100 ವ್ಯಾಟ್-ಅವರ್ ಒಳಗಿನದು.

ಇನ್ನೊಂದು ಮಾತು. ಕೊಂಡದ್ದನ್ನು ಊರಿಗೆ ಹೊರಡುವ ತನಕ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಇನ್ಸುಲಿನ್ನಿನ ಹಾಗೆ ಲಿಥಿಯಂ ಬ್ಯಾಟರಿಗೂ ಇಲ್ಲಿನ ಸೆಕೆ ಆಗದು. ಬಿಸಿಗೆ ಕುಗ್ಗಿದ ಕಸುವು ತಣಿದ ಮೇಲೆ ಮರಳುವುದಿಲ್ಲ.

ನಮ್ಮ ಬಳಕೆಗಾದರೆ ತೆಳ್ಳಗಿನದೇ ಸಾಕು, ಎದ್ದಲ್ಲಿ ಕೂತಲ್ಲಿ ಪ್ಲಗ್ ಇದೆ. ಮಗಳಿಗೆ ಈ ಸಲ 1.6 ಕಿಲೋದ್ದು ತೆಗೆದಿಟ್ಟಿದ್ದೇವೆ. ಕೌಂಟರಿನಲ್ಲಿ ತೂಕ ಮೀರಿದರೆ ನಮ್ಮ ಎರಡು ಜೊತೆ ಬಟ್ಟೆ ಹೊರಗೆ ಬರುತ್ತದೆ, ಅಷ್ಟೆ.