ಕಡಲಿನ ಖಾತೆಗೆ ಬರೆದ ಖರ್ಚು

ಬೇಸಗೆಯ ಒಂದು ಸಂಜೆ ದಾವಣಗೆರೆಯ ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಕೆಲವರು ವಿದ್ಯಾರ್ಥಿಗಳೊಡನೆ ಸೋಡಾ ಕುಡಿಯುತ್ತ ನಿಂತಿದ್ದೆವು. ಭೂಮಿಯ ಬಿಸಿ ಏರುತ್ತಿರುವ ಮಾತು ಬಂದಿತು. ಅವರಲ್ಲೊಬ್ಬನು, “ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಕಾಲು ಪಾಲನ್ನು ಸಮುದ್ರವೇ ಹೀರಿಕೊಳ್ಳುತ್ತದಲ್ಲ ಸರ್, ಅಷ್ಟರ ಮಟ್ಟಿಗೆ ನಾವು ಪಾರಾದಂತೆಯೇ!” ಎಂದನು. ಅವನು ಹೇಳಿದ ಅಂಕಿ ಸರಿ. ಅದರಿಂದ ಅವನು ಪಡೆದ ಸಮಾಧಾನ ಮಾತ್ರ ಸರಿಯಲ್ಲ. ಓದಿಬಲ್ಲವರೂ ಇದೇ ಸಮಾಧಾನದಲ್ಲಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಯಿತು.

ಮನೆಯ ಯಜಮಾನನು ಸಂಬಳವನ್ನು ಮುಂದಿಟ್ಟುಕೊಂಡು ಇಷ್ಟರೊಳಗೆ ತಿಂಗಳು ಕಳೆಯಬೇಕೆಂದು ಗೊತ್ತುಮಾಡುತ್ತಾನಷ್ಟೆ. ಅದೇ ರೀತಿ, ಭೂಮಿಯ ಉಷ್ಣತೆ ಇಂಥ ಮಿತಿಯನ್ನು ದಾಟದಿರಬೇಕಾದರೆ ಇನ್ನೆಷ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಡಬಹುದೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಇದೇ ಇಂಗಾಲದ ಆಯವ್ಯಯ. ಏರಿಕೆ 1.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಿಲ್ಲುವ ಸಂಭವ ಅರ್ಧಕ್ಕರ್ಧವಾದರೂ ಇರಬೇಕಾದರೆ, 2020ರ ಆರಂಭದಿಂದ ಮುಂದಕ್ಕೆ ಒಟ್ಟು 50,000 ಕೋಟಿ ಟನ್ನು ಮಾತ್ರ ಉಂಟೆಂದು 2021ರ ಅಂತರರಾಷ್ಟ್ರೀಯ ವರದಿ ತಿಳಿಸಿತು. ಪ್ರಪಂಚದ ವಾರ್ಷಿಕ ಖರ್ಚು ಸುಮಾರು 4,000 ಕೋಟಿ ಟನ್ನು. ಗಂಟು ಎಷ್ಟು ವರ್ಷ ಬಂದೀತೆಂಬುದನ್ನು ವಾಚಕರೇ ಭಾಗಿಸಿ ನೋಡಬಹುದು. ಆಮೇಲಿನ ಪರಿಷ್ಕೃತ ಲೆಕ್ಕಗಳು ಗಂಟನ್ನು ಇನ್ನೂ ಸಣ್ಣದು ಮಾಡಿವೆ. ಕಡಲು ಹೀರುವ ಪಾಲನ್ನು ಮೊದಲೇ ಕಳೆದ ಮೇಲೆ ಉಳಿದಿರುವ ಗಂಟು ಇದು. ಹಾಗಿರಲು ಆ ಪಾಲನ್ನು ಎರಡನೆಯ ಸಲ ಲಾಭವೆಂದು ಬರೆದುಕೊಳ್ಳುವುದು ಯಾವ ಲೆಕ್ಕ?

ಕಡಲಿಗೂ ನಮಗೂ ಏನು ಸಂಬಂಧವೆಂದು ಬಯಲುಸೀಮೆಯವರಾದ ನಾವು ಕೇಳಬಹುದು. ಹರಿಹರದ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯನ್ನು ಸೇರಬೇಕಾದರೆ ನಾಡನ್ನೇ ದಾಟಬೇಕು. ಆದರೆ ಇಂಗಾಲಕ್ಕೆ ನದಿಯ ದಾರಿ ಬೇಕಿಲ್ಲ; ಗಾಳಿಯೇ ಸಾಕು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಡೈಆಕ್ಸೈಡು ಹುಟ್ಟುತ್ತದೆ. (ತೂಕ ಹೆಚ್ಚಿತೇಕೆಂದು ಬೆರಗಾಗಬೇಕಿಲ್ಲ, ಇಂಗಾಲದ ಪ್ರತಿ 12 ಭಾಗಕ್ಕೆ ಗಾಳಿಯ ಆಮ್ಲಜನಕ 32 ಭಾಗ ಸೇರುತ್ತದೆ.) ಇದರ ಕಾಲು ಪಾಲೆಂದರೆ ಅರ್ಧ ಕಿಲೋಗ್ರಾಮಿಗೂ ಮಿಗಿಲು. ನಮ್ಮ ಬಡಾವಣೆಯ ತಿರುವಿನಲ್ಲಿ ಮೋಟಾರು ಸೈಕಲ್ಲೇರಿ ಸುತ್ತುವ ತರುಣನು ಲೀಟರಿಗೆ ಅಷ್ಟನ್ನು ಕಡಲಿಗೆ ಕಳುಹಿಸುತ್ತಿದ್ದಾನೆ.

ಅಲ್ಲಿ ಅದು ಸುಮ್ಮನೆ ಕುಳಿತಿರುವುದಿಲ್ಲ. ನಾವು ಭೌತಶಾಸ್ತ್ರದವರು, ಇಲ್ಲಿ ತಲೆಹಾಕಿದ್ದಕ್ಕೆ ರಸಾಯನಶಾಸ್ತ್ರದ ಮಿತ್ರರು ಕ್ಷಮಿಸಬೇಕು. ಸುಣ್ಣದ ತಿಳಿನೀರಿನಲ್ಲಿ ಈ ಅನಿಲವನ್ನು ಹಾಯಿಸಿದರೆ ನೀರು ಹಾಲಿನಂತಾಗುವುದನ್ನು ಪ್ರೌಢಶಾಲೆಯಲ್ಲಿಯೇ ನೋಡಿರುತ್ತೇವೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟಿನದು; ಚಿಪ್ಪು, ಹವಳಗಳ ಒಡಲೂ ಅದೇ. ಅನಿಲವನ್ನು ನಿಲ್ಲಿಸದೆ ಹಾಯಿಸುತ್ತ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಹೆಚ್ಚಿದ ಡೈಆಕ್ಸೈಡು ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸಿಬಿಡುತ್ತದೆ. ಕಡಲಿನಲ್ಲಿಯೂ ಹೀಗೆಯೇ ಕಾರ್ಬೊನೇಟಿನ ದಾಸ್ತಾನು ಇಳಿಯುತ್ತಿದೆ. ಚಿಪ್ಪು ಕಟ್ಟುವ ಜೀವಿಗೆ ಬೇಕಾದ ಸಾಮಗ್ರಿಯೇ ಅದು.

ಕಡಲು ಆಮ್ಲವಾಗಿಬಿಟ್ಟಿದೆಯೆಂದು ಇದರ ಅರ್ಥವಲ್ಲ. ಕೈಗಾರಿಕೆಗಳ ಯುಗಕ್ಕೆ ಮುಂಚೆ ಮೇಲ್ಪದರದ ಪಿಎಚ್ ಸುಮಾರು 8.2 ಇದ್ದಿತು; ಈಗ ಸುಮಾರು 8.1. ಈಗಲೂ ಅದು ಕ್ಷಾರವೇ. ‘ಬರಿಯ ಹತ್ತನೆಯ ಒಂದಂಶವೆ?’ ಎನ್ನುವವರು ಲಾಗರಿದಮ್ ಕೋಷ್ಟಕವನ್ನು ತೆರೆಯಲಿ. ಆ ಹತ್ತನೆಯ ಒಂದಂಶ ಇಳಿದರೆ ಜಲಜನಕದ ಅಯಾನುಗಳು ನೂರಕ್ಕೆ ಸುಮಾರು 26ರಷ್ಟು ಹೆಚ್ಚಿದಂತೆ.

ಕುಮಟೆಯ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ವೇಳೆ ಅಲ್ಲಿ ನೀರಿಗಿಳಿದು ಚಿಪ್ಪಿನ ಜೀವಿಗಳನ್ನು ಆಯ್ದು ಬದುಕುವ ಕುಟುಂಬಗಳುಂಟು. ಆ ಫಸಲು ಒಂದು ವರ್ಷ ಇಳಿದರೆ ಇಂಗಾಲವೇ ಕಾರಣವೆಂದು ಕೂಗುವ ದುಡುಕು ಬೇಡ. ಅತಿಯಾದ ಸಂಗ್ರಹ, ನದಿಯ ಸಿಹಿನೀರಿನ ಏರಿಳಿತ, ಇವೆಲ್ಲ ಅಲ್ಲಿವೆ. ಆದರೆ ಇಷ್ಟು ಕಷ್ಟಗಳಿರುವ ಜೀವಿಗೆ, ಪೆಟ್ರೋಲಿನ ಮುಖವನ್ನೇ ಕಾಣದ ಜೀವಿಗೆ, ಮತ್ತೊಂದನ್ನು ಹೊರಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಕಡಲು ಇದೇ ಪ್ರಮಾಣದಲ್ಲಿ ಮುಂದೆಯೂ ಹೀರುತ್ತಿರುವುದೆಂಬ ಭರವಸೆಯೂ ಇಲ್ಲ. ಬಿಸಿಯಾದ ಸೋಡಾದಲ್ಲಿ ಅನಿಲ ನಿಲ್ಲುವುದಿಲ್ಲವೆಂಬುದನ್ನು ನಮ್ಮೂರಿನ ಏಪ್ರಿಲ್ ತಿಂಗಳು ಕಲಿಸಿಯೇ ಇದೆ. ಕಡಲೂ ಕಾಯುತ್ತಿದೆ. ಜೊತೆಗೆ, ಕಾರ್ಬೊನೇಟು ವೆಚ್ಚವಾದಷ್ಟೂ ನೀರಿನ ಹೀರುವ ಶಕ್ತಿ ಕುಗ್ಗುತ್ತದೆ. ಸಮುದ್ರದ ಈ ಮಿತಿಯನ್ನು ರೆವೆಲ್ ಮತ್ತು ಸ್ಯೂಸ್ ಎಂಬ ವಿಜ್ಞಾನಿಗಳು 1957ರಷ್ಟು ಹಿಂದೆಯೇ ತೋರಿಸಿದ್ದರು.

ಉಷ್ಣತೆಯೊಂದನ್ನೇ ಅಳತೆಗೋಲಾಗಿ ಹಿಡಿದವರು ಕೆಲವೊಮ್ಮೆ ಸುಲಭದ ಉಪಾಯಗಳನ್ನು ಸೂಚಿಸುತ್ತಾರೆ. ಮೇಲಣ ವಾಯುಮಂಡಲದಲ್ಲಿ ಗಂಧಕದ ಕಣಗಳನ್ನು ಹರಡಿ ಬಿಸಿಲನ್ನು ತಗ್ಗಿಸುವುದು ಅವುಗಳಲ್ಲೊಂದು. ಭೂಮಿ ತಂಪಾಗಬಹುದು, ಆದರೆ ನೀರಿಗಿಳಿಯುವ ಡೈಆಕ್ಸೈಡನ್ನು ನೆರಳು ತಡೆಯಲಾರದು. ಆದ್ದರಿಂದ ಆಯವ್ಯಯದಲ್ಲಿ ಡಿಗ್ರಿಯ ಅಂಕಣದ ಪಕ್ಕದಲ್ಲಿಯೇ ಪಿಎಚ್‌ನ ಅಂಕಣವೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಭಾರತೀಯನ ತಲಾ ಖರ್ಚು ಪ್ರಪಂಚದ ಸರಾಸರಿಯ ಅರ್ಧಕ್ಕಿಂತ ಕಡಮೆಯೆಂಬುದು ನಿಜ; ಸಿರಿವಂತ ದೇಶಗಳನ್ನು ಮೊದಲು ಕೇಳಬೇಕೆಂಬುದೂ ನ್ಯಾಯ. ಹಾಗೆ ಕೇಳುವಾಗ ಕಡಲಿನ ಖಾತೆಯನ್ನೂ ಮುಂದಿಡೋಣ.

ನಮ್ಮ ಪ್ರಯೋಗಶಾಲೆಗಳಲ್ಲಿ ಸುಣ್ಣದ ನೀರು ಬಿಳಿಯಾದೊಡನೆ ‘ಅನಿಲ ಪತ್ತೆಯಾಯಿತು’ ಎಂದು ಬರೆದು ನಳಿಕೆ ತೊಳೆದಿಡುವುದು ವಾಡಿಕೆ. ಇನ್ನು ಕೆಲವು ನಿಮಿಷ ಅನಿಲವನ್ನು ಹಾಯಿಸಿ, ಆ ಬಿಳುಪು ಮಾಯವಾಗುವವರೆಗೆ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಳ್ಳಬೇಕೆಂದು ನಾವು ಅಧ್ಯಾಪಕ ಮಿತ್ರರನ್ನು ಕೇಳಿಕೊಳ್ಳುತ್ತೇವೆ.